ತಾಯಿಯನ್ನು ಪರಮಪ್ರಸಾದಕ್ಕೆ ಮರಳಿ ಕರೆತಂದ ಬಾಲಕಿ: ಧನ್ಯೆ ಲಾರಾ ವಿಕುನಾ



ಬೆಟ್ಟ ಹತ್ತಿ ಬರುವವರಲ್ಲಿ ಹೆಚ್ಚಿನವರು ಕಾಯಿಲೆ ವಾಸಿಯಾಗಲಿ, ಕೆಲಸ ಸಿಗಲಿ, ಸಂತಾನ ಆಗಲಿ ಅಂತ ಮೇಣದಬತ್ತಿ ಹಚ್ಚುತ್ತಾರೆ. ಆದರೆ ಬಾಯಿಬಿಟ್ಟು ಯಾರಿಗೂ ಹೇಳಲಾಗದ ಕೋರಿಕೆ ಹೊತ್ತು ಬರುವ ಮಕ್ಕಳೂ ಇದ್ದಾರೆ. ತಂದೆ ತಾಯಿಯರ ಮದುವೆಯಲ್ಲಿ ಏನೋ ತೊಡಕಾಗಿದೆ, ಅದರಿಂದ ಅವರು ಪರಮಪ್ರಸಾದ ಬಿಟ್ಟಿದ್ದಾರೆ, ಬರಬರುತ್ತಾ ದೇವಾಲಯದ ಮೆಟ್ಟಿಲು ಹತ್ತುವುದನ್ನೇ ಬಿಟ್ಟಿದ್ದಾರೆ. ಅವರು ಮತ್ತೆ ವಿಶ್ವಾಸಕ್ಕೆ ಬರಲಿ ಎಂಬುದೇ ಆ ಮಕ್ಕಳ ಕೋರಿಕೆ. ಇಂಥ ಮಕ್ಕಳಿಗೆ ಸ್ವರ್ಗದಲ್ಲಿ ಒಬ್ಬ ಗೆಳತಿ ಇದ್ದಾಳೆ. ಅವಳೇ ಧನ್ಯೆ ಲಾರಾ ವಿಕುನಾ.

ಜನನ ಮತ್ತು ಬಾಲ್ಯ

ಲಾರಾ ಹುಟ್ಟಿದ್ದು 1891ನೇ ಇಸವಿ ಏಪ್ರಿಲ್ 5ರಂದು, ದಕ್ಷಿಣ ಅಮೆರಿಕಾದ ಚಿಲಿ ದೇಶದ ಸಾಂಟಿಯಾಗೋ ಪಟ್ಟಣದಲ್ಲಿ. ತಂದೆ ಹೋಸೆ ದೊಮಿಂಗೊ ವಿಕುನಾ ಸೈನ್ಯದಲ್ಲಿದ್ದವರು, ದೊಡ್ಡ ಮನೆತನದವರು. ತಾಯಿ ಮರ್ಸೆದೆಸ್ ಪಿನೊ ಬಡ ಕುಟುಂಬದಿಂದ ಬಂದವರು. ಆದ್ದರಿಂದ ಗಂಡನ ಮನೆಯವರಿಗೆ ಈ ಮದುವೆ ಇಷ್ಟವಿರಲಿಲ್ಲ. ಅದೇ ವರ್ಷ ಚಿಲಿಯಲ್ಲಿ ಅಂತರ್ಯುದ್ಧ ನಡೆಯಿತು. ತಂದೆಯ ಮನೆತನದವರು ಸೋತ ಪಕ್ಷದ ಕಡೆಯವರಾಗಿದ್ದರು. ಹಾಗಾಗಿ ಕೂಸನ್ನು ಎತ್ತಿಕೊಂಡು ದಂಪತಿಗಳು ರಾಜಧಾನಿ ಬಿಟ್ಟು ದಕ್ಷಿಣದ ತೆಮುಕೊ ಊರಿಗೆ ಹೋಗಬೇಕಾಯಿತು.

1894ರಲ್ಲಿ ತಂಗಿ ಹೂಲಿಯಾ ಹುಟ್ಟಿದಳು. ಆ ಬಳಿಕ ಹೆಚ್ಚು ದಿನ ಕಳೆಯುವ ಮೊದಲೇ ತಂದೆ ತೀರಿಕೊಂಡರು. ಮರ್ಸೆದೆಸ್ ಹೊಲಿಗೆ ಕೆಲಸ ಮಾಡಿ ಇಬ್ಬರು ಹೆಣ್ಣುಮಕ್ಕಳನ್ನು ಸಾಕಿದರು. ಎಷ್ಟು ದುಡಿದರೂ ಹೊಟ್ಟೆಗೆ ಸಾಲದು. ಕೊನೆಗೆ 1899ರಲ್ಲಿ ಮಕ್ಕಳನ್ನು ಕಟ್ಟಿಕೊಂಡು, ಮಹಾ ಎತ್ತರದ ಆಂಡಿಸ್ ಪರ್ವತ ದಾಟಿ, ಪಕ್ಕದ ಅರ್ಜೆಂಟೀನಾ ದೇಶಕ್ಕೆ ಬಂದರು.

ತಾಯಿ ಸಿಕ್ಕಿಕೊಂಡ ಬಲೆ

ಅಲ್ಲಿ ಕಿಲ್ಕಿಹುವೆ ಎಂಬ ಕಡೆ ಮನುವೆಲ್ ಮೋರಾ ಎಂಬ ಜಮೀನ್ದಾರನಿದ್ದನು. ದನ, ಕುದುರೆ, ಆಳುಕಾಳು ಎಲ್ಲಾ ಇದ್ದವನು, ಆದರೆ ಮಹಾ ಕೋಪಿಷ್ಠ. ಅವನು ಆಸರೆ ಕೊಟ್ಟನು, ಮಕ್ಕಳ ಓದಿನ ಖರ್ಚನ್ನೂ ಕೊಡಲು ಒಪ್ಪಿದನು. ಆದರೆ ವಿವಾಹ ಸಂಸ್ಕಾರ ಮಾಡಿಕೊಳ್ಳಲಿಲ್ಲ. ವಿಧವೆಯಾಗಿದ್ದ ಮರ್ಸೆದೆಸ್ ಧರ್ಮಸಭೆಯ ಪ್ರಕಾರ ಮತ್ತೆ ಮದುವೆಯಾಗಬಹುದಿತ್ತು. ಮದುವೆ ಇಲ್ಲದೆ ಅವನ ಮನೆಯಲ್ಲಿ ಬಾಳಿದ್ದರಿಂದ ಪಾಪನಿವೇದನೆ, ಪರಮಪ್ರಸಾದ ಎರಡೂ ಅವರಿಗೆ ದೂರವಾದವು. ಆ ತಾಯಿ ದೇವರನ್ನು ದ್ವೇಷಿಸಿ ದೂರ ಹೋದವರಲ್ಲ. ಹಸಿವು ಮತ್ತು ಭಯ ಅವರನ್ನು ಅಲ್ಲಿಗೆ ತಳ್ಳಿದವು. ಇದನ್ನು ಓದುವವರು ಮರೆಯಬಾರದು.

1900ರ ಜನವರಿಯಲ್ಲಿ ಲಾರಾ ಮತ್ತು ಹೂಲಿಯಾ, ಜುನಿನ್ ದೆ ಲೋಸ್ ಆಂದೆಸ್ ಊರಿನ ಶಾಲೆಗೆ ಸೇರಿದರು. ಅದನ್ನು ನಡೆಸುತ್ತಿದ್ದವರು ಕ್ರೈಸ್ತರ ಸಹಾಯಮಾತೆಯ ಕನ್ಯಾಸ್ತ್ರೀಯರು, ಅಂದರೆ ಸಂತ ಡಾನ್ ಬಾಸ್ಕೊ ಮತ್ತು ಸಂತ ಮರಿಯ ಮಝರೆಲ್ಲೊ 1872ರಲ್ಲಿ ಸ್ಥಾಪಿಸಿದ ಸಭೆಯವರು. ಡಾನ್ ಬಾಸ್ಕೊರವರ ಹೆಸರು ನಮ್ಮ ಕರ್ನಾಟಕದಲ್ಲೂ ಕೇಳದವರಿಲ್ಲ.

ಒಂದು ದಿನ ಧರ್ಮೋಪದೇಶದ ತರಗತಿಯಲ್ಲಿ ಸಿಸ್ಟರ್ ಒಬ್ಬರು ವಿವಾಹ ಸಂಸ್ಕಾರದ ಬಗ್ಗೆ ಪಾಠ ಹೇಳುತ್ತಿದ್ದರು. ಕೇಳುತ್ತಾ ಕೇಳುತ್ತಾ ಲಾರಾಳಿಗೆ ತಾಯಿಯ ಸ್ಥಿತಿ ಅರ್ಥವಾಯಿತು. ಆ ಪುಟ್ಟ ಬಾಲೆ ಅಲ್ಲೇ ಪ್ರಜ್ಞೆ ತಪ್ಪಿ ಬಿದ್ದುಬಿಟ್ಟಳು.

1901ರ ಜೂನ್ 2ರಂದು ಲಾರಾ ಪ್ರಥಮ ಪರಮಪ್ರಸಾದ ಸ್ವೀಕರಿಸಿದಳು. ತಾಯಿಯೂ ಬಂದಿದ್ದರು. ಆದರೆ ಮಗಳು ಬಲಿಪೀಠದ ಹತ್ತಿರ ಹೋದಾಗ ತಾಯಿ ಹೋಗಲಿಲ್ಲ. ಎಲ್ಲರಿಗೂ ಹಬ್ಬವಾದ ಆ ದಿನ ಲಾರಾಳ ಎದೆಯಲ್ಲಿ ಮುಳ್ಳು ಉಳಿಯಿತು. ಹಾಗಂತ ಅವಳು ತಾಯಿಯನ್ನು ಹೀಯಾಳಿಸಲಿಲ್ಲ, ಮಾತು ಬಿಡಲಿಲ್ಲ. ಪ್ರಾರ್ಥನೆ ಮಾತ್ರ ಬಿಡದೆ ಮಾಡಿದಳು.

ಪರೀಕ್ಷೆಯ ದಿನಗಳು

ರಜೆಗೆ ಮನೆಗೆ ಹೋದಾಗ ಮೋರಾನ ಕೆಟ್ಟ ದೃಷ್ಟಿ ಲಾರಾಳ ಮೇಲೆ ಬಿತ್ತು. ಅವಳು ಅವನ ಕೈಗೆ ಸಿಗಲಿಲ್ಲ. ಜಮೀನಿನಲ್ಲಿ ಹಬ್ಬ ನಡೆದಾಗ ಅವನ ಜೊತೆ ಕುಣಿಯಲು ಖಡಾಖಂಡಿತವಾಗಿ ಒಪ್ಪಲಿಲ್ಲ. ಆ ಸಿಟ್ಟನ್ನು ಅವನು ತಾಯಿಯ ಮೇಲೆ ತೀರಿಸಿಕೊಂಡನು, ಶಾಲೆಯ ಫೀಸನ್ನೂ ನಿಲ್ಲಿಸಿದನು. ಸಿಸ್ಟರುಗಳು ದುಡ್ಡು ತೆಗೆದುಕೊಳ್ಳದೆ ಅವಳನ್ನು ಶಾಲೆಯಲ್ಲಿ ಉಳಿಸಿಕೊಂಡರು.

ಲಾರಾಳಿಗೆ ತಾನೂ ಕನ್ಯಾಸ್ತ್ರೀ ಆಗಬೇಕೆಂಬ ಆಸೆ. ತಾಯಿಯ ಬಾಳಿನ ತೊಡಕಿನಿಂದ ಅದು ಕೈಗೂಡಲಿಲ್ಲ. ಆದರೂ ತಾಯಿಯನ್ನು ದೂರಲಿಲ್ಲ. 1902ರಲ್ಲಿ, ತನ್ನ ಆತ್ಮಗುರು ಫಾದರ್ ಕ್ರೆಸ್ತನೆಲ್ಲೊರವರ ಅಪ್ಪಣೆ ಪಡೆದು, ತಾಯಿ ದೇವರ ಕಡೆ ತಿರುಗಲೆಂದು ತನ್ನ ಪ್ರಾಣವನ್ನೇ ದೇವರಿಗೆ ಅರ್ಪಿಸಿದಳು. ಈ ವಿಷಯ ತಾಯಿಗೆ ಗೊತ್ತೇ ಇರಲಿಲ್ಲ.

ಕೆಲಕಾಲದ ಮೇಲೆ ಆರೋಗ್ಯ ಕೆಟ್ಟಿತು. ಕ್ಷಯರೋಗ ಅವಳನ್ನು ಹಣ್ಣು ಮಾಡಿತು. ಮಗಳ ಆರೈಕೆಗಾಗಿ ಮರ್ಸೆದೆಸ್ ಜಮೀನು ಬಿಟ್ಟು ಜುನಿನ್‌ಗೆ ಬಂದು ಒಂದು ಸಣ್ಣ ಮನೆ ಮಾಡಿದರು. 1904ರ ಜನವರಿಯಲ್ಲಿ ಮೋರಾ ಅಲ್ಲಿಗೂ ನುಗ್ಗಿ ಬಂದನು. ಅವನಿರುವ ಮನೆಯಲ್ಲಿ ತಾನು ಇರುವುದಿಲ್ಲ ಎಂದು ಲಾರಾ ಎದ್ದು ಹೊರಟಾಗ, ಕಾಯಿಲೆಯ ಮಗು ಅಂತಲೂ ನೋಡದೆ ಅವನು ಹೊಡೆದನು.

ಮರಣ ಮತ್ತು ತಾಯಿಯ ಮನಪರಿವರ್ತನೆ

1904ರ ಜನವರಿ 22. ಕೊನೆ ಗಳಿಗೆ ಬಂತೆಂದು ತಿಳಿದ ಲಾರಾ ತಾಯಿಯನ್ನು ಹತ್ತಿರ ಕರೆದು, ಅಷ್ಟು ದಿನ ಬಚ್ಚಿಟ್ಟಿದ್ದ ಅರ್ಪಣೆಯ ವಿಷಯ ತಿಳಿಸಿದಳು. ತಾನು ಕಣ್ಣು ಮುಚ್ಚುವ ಮೊದಲು ತಾಯಿ ಪಶ್ಚಾತ್ತಾಪ ಪಡುವುದನ್ನು ನೋಡಬೇಕೆಂದು ಬೇಡಿಕೊಂಡಳು. ಮರ್ಸೆದೆಸ್ ಮಂಚದ ಪಕ್ಕ ಕುಸಿದು ಅತ್ತರು, ಆ ಬಾಳನ್ನು ಬಿಡುತ್ತೇನೆಂದು ಮಾತು ಕೊಟ್ಟರು. ಅದೇ ದಿನ ಸಂಜೆ ಲಾರಾ ಸಮಾಧಾನದಿಂದ ಪ್ರಾಣಬಿಟ್ಟಳು. ವಯಸ್ಸು ಇನ್ನೂ 13 ತುಂಬಿರಲಿಲ್ಲ. ತಾಯಿ ಪಾಪನಿವೇದನೆ ಮಾಡಿದರು. ಮಗಳ ಅಂತ್ಯಕ್ರಿಯೆಯ ಪೂಜೆಯಲ್ಲಿ, ಎಷ್ಟೋ ಕಾಲದ ಮೇಲೆ ಪರಮಪ್ರಸಾದ ಸ್ವೀಕರಿಸಿದರು. ಮೋರಾನ ಬೆದರಿಕೆಗೆ ಬಗ್ಗದೆ, ಮತ್ತೆ ಅವನ ಮನೆಗೆ ಹೋಗಲಿಲ್ಲ.

1988ರ ಸೆಪ್ಟೆಂಬರ್ 3ರಂದು, ಡಾನ್ ಬಾಸ್ಕೊರವರ ಮರಣದ ಶತಮಾನದ ವರ್ಷದಲ್ಲಿ, ಇಟಲಿಯ ಕೊಲ್ಲೆ ಡಾನ್ ಬಾಸ್ಕೊ ಗುಡ್ಡದ ಮೇಲೆ ಜಗದ್ಗುರು ಎರಡನೇ ಜಾನ್ ಪೌಲರು ಲಾರಾಳನ್ನು ಧನ್ಯಳೆಂದು ಘೋಷಿಸಿದರು. ಸಂತ ಪದವಿಗೆ ಇದು ಹಿಂದಿನ ಮೆಟ್ಟಿಲು.

ನಮಗೆ ಪಾಠ

ಲಾರಾ ಏಟು ತಿಂದದ್ದನ್ನು ನೋಡಿ ಹಿಂಸೆ ಸಹಿಸುವುದೇ ಪುಣ್ಯ ಅಂತ ಯಾರೂ ತಿಳಿಯಬಾರದು. ಅವಳು ಮೋರಾನಿಗೆ ಎಂದೂ ತಲೆಬಾಗಲಿಲ್ಲ, ಅವನು ಬಂದಾಗ ಮನೆಯಿಂದಲೇ ಎದ್ದು ನಡೆದಳು. ಅಂಥ ಕಷ್ಟದಲ್ಲಿರುವ ಮಕ್ಕಳು ಗುರುಗಳಿಗೋ, ಸಿಸ್ಟರಿಗೋ, ನಂಬಿಕೆಯ ಹಿರಿಯರಿಗೋ ಕೂಡಲೇ ತಿಳಿಸಬೇಕು. ಪ್ರಾಣ ಅರ್ಪಿಸಬೇಕೆಂದು ಧರ್ಮಸಭೆ ಯಾವ ಮಗುವನ್ನೂ ಕೇಳುವುದಿಲ್ಲ. ನಾವು ಕಲಿಯಬೇಕಾದ್ದು ಅವಳ ಪ್ರೀತಿಯನ್ನು. ತಾಯಿಯ ತಪ್ಪನ್ನು ಅವಳು ಸರಿ ಅನ್ನಲಿಲ್ಲ, ತಾಯಿಯನ್ನು ಕೈಬಿಡಲೂ ಇಲ್ಲ.

ತಂದೆ ತಾಯಿಯರಿಗೂ ಒಂದು ಮಾತು. ಮದುವೆಯ ತೊಡಕು ಇರುವವರಿಗೆ ದೇವಾಲಯದ ಬಾಗಿಲು ಮುಚ್ಚಿಲ್ಲ. ಪೂಜೆಗೆ ಬರಬಹುದು, ಜಪಸರ ಹೇಳಬಹುದು, ಮಕ್ಕಳನ್ನು ವಿಶ್ವಾಸದಲ್ಲಿ ಬೆಳೆಸಬಹುದು, ಬೆಳೆಸಲೇಬೇಕು. ರಿಜಿಸ್ಟರ್ ಮದುವೆ ಮಾತ್ರ ಆದವರಿಗೆ ಬೇರೆ ಅಡ್ಡಿ ಇಲ್ಲದಿದ್ದರೆ ಧರ್ಮಸಭೆಯ ಕ್ರಮದಂತೆ ಮದುವೆ ಮಾಡಿಕೊಳ್ಳಲು ದಾರಿ ಇದೆ. ಹಿಂದಿನ ಮದುವೆಯೊಂದು ಅಡ್ಡ ಇದ್ದರೆ, ಅದು ಸಿಂಧುವೋ ಅಲ್ಲವೋ ಎಂದು ಧರ್ಮಕ್ಷೇತ್ರದ ನ್ಯಾಯಪೀಠ ವಿಚಾರಿಸುತ್ತದೆ. 2015ರಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ಈ ವಿಚಾರಣೆಯ ಕ್ರಮವನ್ನು ಸರಳಗೊಳಿಸಿದರು. ಒಬ್ಬೊಬ್ಬರ ಕಥೆ ಒಂದೊಂದು ಥರ. ಆದ್ದರಿಂದ ನಾಚಿಕೆ ಬಿಟ್ಟು ನಿಮ್ಮ ಧರ್ಮಕೇಂದ್ರದ ಗುರುಗಳ ಹತ್ತಿರ ಮಾತಾಡಿ. ಮೊದಲ ಹೆಜ್ಜೆ ಅಷ್ಟೇ.

ಧನ್ಯೆ ಲಾರಾಳ ಸ್ಮರಣೆಯ ದಿನ ಜನವರಿ 22. ಆ ದಿನ ಮನೆಯಲ್ಲಿ ಒಂದು ದೀಪ ಹಚ್ಚಿ, ದೂರವಾದ ತಂದೆ ತಾಯಿಯರ ಹೆಸರು ಹೇಳಿ ಪ್ರಾರ್ಥಿಸಿರಿ. ಮಕ್ಕಳ ಪ್ರಾರ್ಥನೆಯನ್ನು ದೇವರು ತಳ್ಳಿಹಾಕುವುದಿಲ್ಲ.

ಧನ್ಯೆ ಲಾರಾ ವಿಕುನಾ, ನಮ್ಮ ಕುಟುಂಬಗಳಿಗಾಗಿ ಪ್ರಾರ್ಥಿಸಿರಿ. ಆಮೆನ್.