ಶಿಲುಬೆಯ ಮಗಳು ಎಡಿತ್ ಸ್ಟೈನ್

ಆಗಸ್ಟ್ ತಿಂಗಳಲ್ಲಿ ಗುಂಡ್ಲುಪೇಟೆಯ ದಾರಿಯ ಎರಡೂ ಬದಿಯಲ್ಲಿ ಚೆಂಡು ಹೂವಿನ ಹೊಲಗಳು ಅರಳಿ ನಿಂತಿರುತ್ತವೆ. ನೋಡುವವರ ಕಣ್ಣು ಹೂವಿನ ಮೇಲೆ ಇರುತ್ತದೆಯೇ ಹೊರತು ಬಗ್ಗಿ ಹೂ ಕೀಳುವ ತಾಯಂದಿರ ಮೇಲಲ್ಲ. ನಾನು ಯಾರು, ನನ್ನ ಬದುಕಿಗೆ ಬೆಲೆ ಇದೆಯೇ ಎಂಬ ಪ್ರಶ್ನೆ ಆ ತಾಯಿಯ ಮನಸ್ಸಿನಲ್ಲೂ ಏಳುತ್ತದೆ. ಪಂಡಿತರು ಅಸ್ತಿತ್ವವಾದ ಎಂದು ಕರೆಯುವ ತತ್ವಶಾಸ್ತ್ರ ಹುಟ್ಟಿದ್ದು ಇಂಥ ಪ್ರಶ್ನೆಯಿಂದಲೇ. ಈ ಪ್ರಶ್ನೆಯನ್ನು ಪ್ರಾಣ ಕೊಟ್ಟು ಬಾಳಿದ ಒಬ್ಬ ಮಹಿಳೆಯ ಹಬ್ಬವೂ ಇದೇ ತಿಂಗಳ 9ರಂದು ಬರುತ್ತದೆ.

ಎಡಿತ್ ಸ್ಟೈನ್ ಹುಟ್ಟಿದ್ದು 1891ರ ಅಕ್ಟೋಬರ್ 12ರಂದು, ಅಂದಿನ ಜರ್ಮನಿಯ ಬ್ರೆಸ್ಲಾವ್ ನಗರದ ಯೆಹೂದ್ಯ ಕುಟುಂಬದಲ್ಲಿ. ಹನ್ನೊಂದು ಮಕ್ಕಳಲ್ಲಿ ಕೊನೆಯವರು. ಎರಡು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡರು. ವಿಧವೆಯಾದ ತಾಯಿ ಔಗುಸ್ತೆ ಮರದ ವ್ಯಾಪಾರವನ್ನು ತಾವೇ ನಡೆಸಿ ಮಕ್ಕಳನ್ನು ಸಾಕಿದರು. ತಾಯಿಗೆ ದೇವರಲ್ಲಿ ಅಚಲ ಭಕ್ತಿ. ಮಗಳಾದರೋ ಹದಿಹರೆಯದಲ್ಲೇ ಪ್ರಾರ್ಥನೆ ನಿಲ್ಲಿಸಿಬಿಟ್ಟರು. ಸತ್ಯವನ್ನು ಬುದ್ಧಿಯಿಂದಲೇ ಹುಡುಕುವೆನೆಂದು ತತ್ವಜ್ಞಾನಿ ಹುಸ್ಸೆರ್ಲ್ ಅವರ ಶಿಷ್ಯೆಯಾದರು. ಯುದ್ಧಕಾಲದಲ್ಲಿ ರೆಡ್ ಕ್ರಾಸ್ ದಾದಿಯಾಗಿ ರೋಗಿಗಳ ಸೇವೆ ಮಾಡಿದರು. 1916ರಲ್ಲಿ ಪರರ ನೋವನ್ನು ನಾವು ಅರಿಯುವ ಬಗೆಯನ್ನು ಕುರಿತು ಪ್ರಬಂಧ ಬರೆದು ಅತ್ಯುನ್ನತ ಶ್ರೇಣಿಯಲ್ಲಿ ಡಾಕ್ಟರೇಟ್ ಪಡೆದರು.

ಆದರೆ ವಿಶ್ವವಿದ್ಯಾಲಯದ ಅಧ್ಯಾಪಕ ಹುದ್ದೆಯ ಬಾಗಿಲು ಹೆಣ್ಣೆಂಬ ಕಾರಣಕ್ಕೆ ಮುಚ್ಚಿತ್ತು. ಎಡಿತ್ ಸುಮ್ಮನಿರಲಿಲ್ಲ. ಸರ್ಕಾರಕ್ಕೆ ಮನವಿ ಬರೆದರು. ಹೆಣ್ಣಾಗಿರುವುದು ಈ ಅರ್ಹತೆಗೆ ಅಡ್ಡಿಯಾಗಬಾರದೆಂದು 1920ರಲ್ಲಿ ಮಂತ್ರಿಗಳು ಆದೇಶಿಸಿದರು. ಆದರೂ ಅವರಿಗೆ ಹುದ್ದೆ ಸಿಗಲಿಲ್ಲ. ಅವರು ತೆರೆಸಿದ ದಾರಿಯಲ್ಲಿ ಬೇರೆ ಹೆಣ್ಣುಮಕ್ಕಳು ನಡೆದರು.

1917ರಲ್ಲಿ ಸ್ನೇಹಿತ ರೈನಾಖ್ ಯುದ್ಧದಲ್ಲಿ ಮಡಿದರು. ಅವರ ಪತ್ನಿಯನ್ನು ಸಂತೈಸಲು ಹೋದ ಎಡಿತ್, ಆಕೆ ಶಿಲುಬೆಯನ್ನು ನಂಬಿ ಶಾಂತಿಯಿಂದಿರುವುದನ್ನು ಕಂಡು ಬೆರಗಾದರು. 1921ರ ಬೇಸಿಗೆಯಲ್ಲಿ ಅವಿಲಾದ ಸಂತ ತೆರೇಸಾರ ಆತ್ಮಕಥೆ ಓದಿದರು. 1922ರ ಜನವರಿ 1ರಂದು ದೀಕ್ಷಾಸ್ನಾನ ಪಡೆದರು. ಎಂದೂ ಧೃತಿಗೆಡದ ತಾಯಿ ಅಂದು ಅತ್ತರು. ಆ ನೋವು ಎಡಿತ್‌ರ ಎದೆಯಲ್ಲಿ ಕೊನೆಯವರೆಗೂ ಉಳಿಯಿತು.

ಎಂಟು ವರ್ಷ ಶಾಲೆಯಲ್ಲಿ ಪಾಠ ಹೇಳುತ್ತಾ, ಊರೂರಿಗೆ ಹೋಗಿ ಮಹಿಳೆಯರ ಕುರಿತು ಉಪನ್ಯಾಸ ಮಾಡಿದರು. ಹೆಣ್ಣಿಗೆ ತಾಯ್ತನದ ವಿಶೇಷ ವರವಿದೆ ನಿಜ, ಆದರೆ ಅವಳು ಮೊದಲು ದೇವರು ಹೆಸರಿಟ್ಟು ಕರೆದ ಒಬ್ಬ ವ್ಯಕ್ತಿ, ಅವಳಿಗೆ ಆಗದ ವೃತ್ತಿ ಇಲ್ಲ ಎಂಬುದು ಅವರ ಬೋಧನೆಯಾಗಿತ್ತು. ಫ್ರಾನ್ಸಿನ ಸಿಮೋನ್ ದ ಬೋವಾ ಹೆಣ್ಣಿನ ಸ್ಥಿತಿಯನ್ನು ಕುರಿತು ಬರೆದದ್ದು 1949ರಲ್ಲಿ, ಫ್ರಾಂಟ್ಸ್ ಫನಾನ್ ಕರಿಯರ ನೋವನ್ನು ಕುರಿತು ಬರೆದದ್ದು 1952ರಲ್ಲಿ. ಅವರಿಗೆ ದೇವರ ಹಂಗಿರಲಿಲ್ಲ. ಎಡಿತ್ ದೇವರ ಬೆಳಕಿನಲ್ಲೇ ಇದನ್ನು ಯೋಚಿಸಿದ್ದರು.

1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ ಯೆಹೂದ್ಯರೆಂಬ ಕಾರಣಕ್ಕೆ ಅವರ ಅಧ್ಯಾಪಕ ಕೆಲಸ ಹೋಯಿತು. ಹುಸ್ಸೆರ್ಲ್‌ರ ಇನ್ನೊಬ್ಬ ಸಹಾಯಕ, ಪ್ರಖ್ಯಾತ ತತ್ವಜ್ಞಾನಿ ಹೈಡೆಗರ್ ಅದೇ ವರ್ಷ ಹಿಟ್ಲರನ ಪಕ್ಷ ಸೇರಿದರು. ಎಡಿತ್ ಯೆಹೂದ್ಯರ ಪರವಾಗಿ ದನಿ ಎತ್ತಬೇಕೆಂದು ಜಗದ್ಗುರು ಹನ್ನೊಂದನೆಯ ಪಿಯುಸ್‌ರಿಗೆ ಪತ್ರ ಬರೆದರು. ವಿದ್ಯೆ ಒಂದೇ, ನಡೆದ ದಾರಿ ಎರಡು!

ಆ ಅಕ್ಟೋಬರಿನಲ್ಲಿ ಕೊಲೋನ್ ನಗರದ ಕಾರ್ಮೆಲ್ ಮಠ ಸೇರುವ ಮುನ್ನ, ತಮ್ಮ ಹುಟ್ಟುಹಬ್ಬದಂದು ತಾಯಿಯ ಜೊತೆ ಯೆಹೂದ್ಯರ ಪ್ರಾರ್ಥನಾ ಮಂದಿರಕ್ಕೆ ಹೋಗಿ ಬಂದರು. ಮಠದಲ್ಲಿ ಅವರ ಹೆಸರು ಶಿಲುಬೆಯ ತೆರೇಸಾ ಬೆನೆದಿಕ್ತಾ. ಅಲ್ಲಿ ಬರೆದ ದೊಡ್ಡ ಗ್ರಂಥದಲ್ಲಿ ಹೈಡೆಗರ್‌ರ ವಿಚಾರಕ್ಕೂ ಉತ್ತರವಿದೆ. ಮನುಷ್ಯ ಸಾವಿನತ್ತ ಎಸೆಯಲ್ಪಟ್ಟವನೆಂದು ಅವರು ಹೇಳಿದರೆ, ಬಲವಾದ ತೋಳಿನಲ್ಲಿರುವ ಮಗುವಿನಂತೆ ನಮ್ಮನ್ನು ಯಾರೋ ಹಿಡಿದಿದ್ದಾರೆಂದು ಎಡಿತ್ ಕಂಡರು. ಬರೆದವರು ಯೆಹೂದ್ಯರೆಂದು ಆ ಗ್ರಂಥ ಅವರ ಜೀವಿತದಲ್ಲಿ ಅಚ್ಚಾಗಲಿಲ್ಲ, 1950ರಲ್ಲಿ ಹೊರಬಂತು.

1938ರ ಕೊನೆಯ ದಿನ ಅವರನ್ನು ಹಾಲೆಂಡಿನ ಎಖ್ತ್ ಮಠಕ್ಕೆ ಕಳುಹಿಸಲಾಯಿತು. ಅಕ್ಕ ರೋಸಾ ಕೂಡ ಅಲ್ಲಿಗೆ ಬಂದರು. 1942ರ ಜುಲೈ 26ರಂದು ಹಾಲೆಂಡಿನ ಧರ್ಮಾಧ್ಯಕ್ಷರು ಯೆಹೂದ್ಯರ ಹಿಂಸೆಯನ್ನು ಖಂಡಿಸಿದ ಪತ್ರವನ್ನು ದೇವಾಲಯಗಳಲ್ಲಿ ಓದಿಸಿದರು. ಅದರ ಸೇಡಿಗೆ ಆಗಸ್ಟ್ 2ರಂದು ಯೆಹೂದ್ಯ ಮೂಲದ ಕಥೋಲಿಕರನ್ನು ಬಂಧಿಸಿದರು. ಶಿಬಿರದಲ್ಲಿ ದಿಕ್ಕೆಟ್ಟ ತಾಯಂದಿರ ಮಕ್ಕಳಿಗೆ ಮುಖ ತೊಳೆದು ತಲೆ ಬಾಚಿದವರು ಈ ಮಹಾ ಪಂಡಿತೆ. ಆಗಸ್ಟ್ 9ರಂದು ಅಕ್ಕತಂಗಿಯರಿಬ್ಬರನ್ನೂ ಆಶ್ವಿಟ್ಸ್‌ನಲ್ಲಿ ಕೊಂದರು. 1998ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲ್ ಅವರನ್ನು ಸಂತರೆಂದು ಘೋಷಿಸಿದರು.

ಪ್ರಿಯ ಓದುಗರೇ, ನಮ್ಮ ನೆಲವೂ ಹೆಣ್ಣುಮಕ್ಕಳ ಶಕ್ತಿಯನ್ನು ಕಂಡಿದೆ. ಗುಂಡ್ಲುಪೇಟೆಯ ಶಾಸಕಿ ಕೆ.ಎಸ್. ನಾಗರತ್ನಮ್ಮನವರು 1972ರಲ್ಲಿ ರಾಜ್ಯ ವಿಧಾನಸಭೆಯ ಮೊದಲ ಮಹಿಳಾ ಸಭಾಧ್ಯಕ್ಷರಾದರು. ಆದರೂ ಚಾಮರಾಜನಗರದ ಕಡೆಯ ನಮ್ಮ ಮನೆಗಳಲ್ಲಿ ಮಗನ ಓದಿಗೆ ಸಾಲ ಮಾಡಿ ಮಗಳ ಓದನ್ನು ಬಿಡಿಸುವುದು ನಿಂತಿದೆಯೇ? ಒಂದೇ ಬಲಿಪೂಜೆಯಲ್ಲಿ ಪರಮಪ್ರಸಾದ ಸ್ವೀಕರಿಸಿ, ಹೊರಗೆ ಬಂದ ಮೇಲೆ ಜಾತಿ ಕೇಳುವುದು ನಿಂತಿದೆಯೇ? ಜರ್ಮನಿಯಲ್ಲಿ ಜನಾಂಗ ಎಂದರು, ನಾವು ಜಾತಿ ಎನ್ನುತ್ತೇವೆ. ಹೆಸರು ಬೇರೆಯಾದರೂ ಪಾಪ ಬೇರೆಯಲ್ಲ.

ಇಂದು ರಾತ್ರಿ ಜಪಮಾಲೆ ಮುಗಿದ ಮೇಲೆ ಮಕ್ಕಳಿಗೆ ಈ ಸಂತರ ಕತೆ ಹೇಳಿ. ನೀನು ಯಾರ ಮನೆಯವಳಾದರೂ ದೇವರ ಕೈಯಲ್ಲಿರುವ ಮಗು ಎಂದು ಮಗಳಿಗೆ ತಿಳಿಸಿ. ಪಕ್ಕದ ಕೇರಿಯ ಮಗುವೂ ಹಾಗೆಯೇ ಎಂದು ಮಗನಿಗೂ ತಿಳಿಸಿ.