ಎರಡಾಣೆಯ ಡಾಕ್ಟರು

ನಾವು ಎಣ್ಣೂರಿಗೆ ಬಂದು ಐದು ವರ್ಷವಾಯಿತು. ಹೆಂಡತಿಗೆ ಬಂದರಿನ ಕಡೆ ಕೆಲಸ, ನನಗೆ ಚೆನ್ನೈ ಪೇಟೆಯೊಳಗೆ ಆಫೀಸು. ಕ್ರೆಡಿಟ್ ಕಾರ್ಡಿಗೆ ಅರ್ಜಿ ಬಂದಾಗ ಯಾರಿಗೆ ಕೊಡಬಹುದು, ಎಷ್ಟು ಲಿಮಿಟ್ ಇಡಬಹುದು ಎಂದು ಲೆಕ್ಕ ಹಾಕುವ ಸಾಫ್ಟ್‌ವೇರ್ ಬರೆಯುವುದು ನನ್ನ ಹೊಟ್ಟೆಪಾಡು.

ಭಾನುವಾರ ಬೆಳಿಗ್ಗೆ ಮೀನು ತರುವುದು ನನ್ನ ಪಾಲಿನ ಕೆಲಸ. ಅಲ್ಲಿ ಒಬ್ಬ ಅಕ್ಕನ ಹತ್ತಿರ ನಾನು ಖಾಯಂ ಗಿರಾಕಿ. ಕಳೆದ ತಿಂಗಳು ಅವರ ಕ್ಯೂಆರ್ ಕೋಡಿಗೆ ಫೋನ್ ಹಿಡಿದು ಹಣ ಹಾಕುತ್ತಿದ್ದೆ. ಅಷ್ಟರಲ್ಲಿ ಬೈಕಿನಲ್ಲಿ ಒಬ್ಬ ಬಂದು ನೂರು ರೂಪಾಯಿ ತೆಗೆದುಕೊಂಡು, ಚೀಟಿಯಲ್ಲಿ ಗೀಟು ಹಾಕಿ ಹೋದ. ಇಲ್ಲಿ ಇದಕ್ಕೆ ತಂಡಲ್ ಎನ್ನುತ್ತಾರೆ. ಅಕ್ಕನ ಕೈಗೆ ಸಿಕ್ಕಿದ್ದು 8,500 ರೂಪಾಯಿ. ದಿನಕ್ಕೆ 100ರಂತೆ 100 ದಿನ ಕಟ್ಟಬೇಕು. ವರ್ಷದ ಬಡ್ಡಿಯ ಲೆಕ್ಕಕ್ಕೆ ಹಾಕಿದರೆ ಅದು ನೂರು ಪರ್ಸೆಂಟ್ ದಾಟುತ್ತದೆ.

ಅವತ್ತು ಅಕ್ಕ ಫೋನ್ ತೋರಿಸಿ, ಕ್ರೆಡಿಟ್ ಕಾರ್ಡ್ ಕೊಡುತ್ತೇವೆಂದು ಮೆಸೇಜ್ ಬಂದಿದೆ, ತೆಗೆದುಕೊಳ್ಳಲೇ ಎಂದು ಕೇಳಿದರು. ಅದೇ ಕೆಲಸ ಮಾಡುವ ನನಗೆ ಬಾಯಿಗೆ ಉತ್ತರ ಬರಲಿಲ್ಲ. ಚೀಲ ಹಿಡಿದು ಮನೆಗೆ ನಡೆಯುವಾಗ ಕಟಪಾಡಿಯ ನಮ್ಮ ಅಜ್ಜಿ ನೆನಪಾದರು. ಅವರ ಜಗುಲಿಗೂ ಒಬ್ಬರು ಪುಸ್ತಕ ಹಿಡಿದು ಬಂದು, ಮಲ್ಲಿಗೆ ಮಾರಿದ ಹಣದಲ್ಲಿ ಒಂದಿಷ್ಟು ತೆಗೆದುಕೊಂಡು ಹೋಗುತ್ತಿದ್ದರು. ಅವರು ಪಿಗ್ಮಿಯವರು. ವ್ಯತ್ಯಾಸ ಇಷ್ಟೇ: ಆ ಹಣ ಅಜ್ಜಿಯದಾಗಿಯೇ ಉಳಿಯುತ್ತಿತ್ತು. ಕರಾವಳಿಯ ಮನೆಮನೆಗೆ ಆ ಅಭ್ಯಾಸ ತಂದವರು ಡಾ. ಟಿ.ಎಂ.ಎ. ಪೈ.

ತೋನ್ಸೆ ಮಾಧವ ಅನಂತ ಪೈ ಹುಟ್ಟಿದ್ದು 1898ರ ಏಪ್ರಿಲ್ 30ರಂದು, ಉಡುಪಿ ಹತ್ತಿರದ ಕಲ್ಯಾಣಪುರದಲ್ಲಿ. ಆಗ ನಮ್ಮ ಕರಾವಳಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಹೀಗಾಗಿ ಡಾಕ್ಟರಾಗಲು ಹೊರಟ ಹುಡುಗ ಬಂದದ್ದು ಮದ್ರಾಸ್ ಮೆಡಿಕಲ್ ಕಾಲೇಜಿಗೆ. ಆ ಕಾಲೇಜು ಇವತ್ತಿಗೂ ಸೆಂಟ್ರಲ್ ಸ್ಟೇಷನ್ನಿನ ಎದುರಿಗಿದೆ. ಎಣ್ಣೂರಿನ ಲೋಕಲ್ ಟ್ರೈನಿನಿಂದ ನಾನು ಇಳಿಯುವುದೂ ಅಲ್ಲೇ. ನನ್ನ ಹಾಗೆ ಅವರೂ ಈ ಊರಿನಲ್ಲೇ ಉಳಿದುಬಿಡಬಹುದಿತ್ತು. ಆದರೆ ಓದು ಮುಗಿಸಿ ಊರಿಗೆ ಮರಳಿದರು. ಮಣಿಪಾಲ ಆಗ ಬೋಳುಗುಡ್ಡ.

ರೋಗ, ಬಡತನ, ಅನಕ್ಷರತೆ ಮೂರೂ ಒಂದಕ್ಕೊಂದು ಅಂಟಿಕೊಂಡಿವೆ, ಒಂದನ್ನು ಬಿಟ್ಟು ಒಂದಕ್ಕೆ ಮದ್ದಿಲ್ಲ ಎಂಬುದು ಪೈಗಳ ತಿಳಿವಳಿಕೆಯಾಗಿತ್ತು. ಆ ಹೊತ್ತಿಗೆ ಉಡುಪಿ ಸುತ್ತಿನ ಕೈಮಗ್ಗದ ನೇಕಾರರು ಕೆಲಸವಿಲ್ಲದೆ ಕುಸಿದಿದ್ದರು. ಅವರಿಗೆ ಸಾಲ ಕೊಡಲು ದುಡ್ಡು ಬೇಕು. ದುಡ್ಡು ಬರಬೇಕಾದರೆ ಊರಿನ ಸಣ್ಣವರ ಸಣ್ಣ ಉಳಿತಾಯವೇ ಒಟ್ಟಾಗಬೇಕು. 1925ರಲ್ಲಿ ಪೈಗಳು, ಅವರ ಅಣ್ಣ ಉಪೇಂದ್ರ ಅನಂತ ಪೈ ಮತ್ತು ವಾಮನ ಕುಡ್ವರು ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಶುರುಮಾಡಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು ಅದೇ.

1928ರಲ್ಲಿ ಪಿಗ್ಮಿ ಠೇವಣಿ ಬಂತು. ಏಜೆಂಟರು ದಿನವೂ ಮನೆ, ಅಂಗಡಿ ಬಾಗಿಲಿಗೆ ಹೋಗಿ ಕನಿಷ್ಠ ಎರಡಾಣೆ ಸಂಗ್ರಹಿಸಬೇಕು. ವರ್ಷಕ್ಕೆ ಲೆಕ್ಕ ಹಾಕಿದರೆ 45 ರೂಪಾಯಿ ಹತ್ತಾಣೆ. ದಿನಗೂಲಿಯವನಿಗೆ ಬ್ಯಾಂಕಿಗೆ ಹೋಗುವುದೆಂದರೆ ಅರ್ಧ ದಿನದ ಕೂಲಿ ನಷ್ಟ, ಮೇಲೆ ಒಳಗೆ ಕಾಲಿಡಲು ಸಂಕೋಚ. ಹಾಗಾಗಿ ಬ್ಯಾಂಕೇ ನಡೆದುಕೊಂಡು ಬಂತು. ಏಜೆಂಟರು ಊರಿನವರೇ. ಯಾರ ಮನೆಯಲ್ಲಿ ಮದುವೆ, ಯಾರಿಗೆ ಜ್ವರ, ಯಾರು ಮಳೆಗಾಲದಲ್ಲೂ ತಪ್ಪದೆ ಕೊಟ್ಟರು ಎಂಬುದೆಲ್ಲ ಅವರಿಗೆ ಗೊತ್ತಿರುತ್ತಿತ್ತು. ಇವತ್ತು ನಾವು ಕಂಪ್ಯೂಟರಿನಲ್ಲಿ ಕ್ರೆಡಿಟ್ ಹಿಸ್ಟರಿ ಎಂದು ಹುಡುಕುವುದು ಆಗ ಆ ಪುಸ್ತಕದ ಗೀಟುಗಳಲ್ಲಿತ್ತು. ಸಂಬಳ ಚೀಟಿ ಇಲ್ಲದವರಿಗೂ ಹೀಗೆ ಒಂದು ಗುರುತು ಹುಟ್ಟಿತು. ಮೊದಲು ಉಳಿತಾಯ, ಅದರ ಬಲದ ಮೇಲೆ ಸಾಲ.

ಇದೇ ದಾರಿಯಲ್ಲಿ ಪೈಗಳು ಶಿಕ್ಷಣಕ್ಕೂ ಕೈಹಾಕಿದರು. 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್, 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು. ವಿದ್ಯಾರ್ಥಿಗಳ ಹಣದಿಂದಲೇ ಕಾಲೇಜು ಕಟ್ಟಿದ ಆ ಮಾದರಿ ಮುಂದೆ ಬೇರೆಯವರ ಕೈಯಲ್ಲಿ ಏನಾಯಿತೆಂದು ನಮಗೆಲ್ಲ ಗೊತ್ತು. ಪಿಗ್ಮಿಯಲ್ಲೂ ಒಂದು ಕೊರತೆ ಇತ್ತು. ಬಿಸಿಲಲ್ಲಿ ಅಲೆದ ಏಜೆಂಟರಿಗೆ ಸಿಗುತ್ತಿದ್ದುದು ಕಮಿಷನ್ ಮಾತ್ರ. ಅವರೂ ಕೆಲಸಗಾರರೇ ಎಂದು ಸುಪ್ರೀಂ ಕೋರ್ಟ್ ಹೇಳಲು 2001 ಬರಬೇಕಾಯಿತು.

1969ರಲ್ಲಿ ಬ್ಯಾಂಕ್ ರಾಷ್ಟ್ರೀಕರಣವಾಯಿತು. 1972ರಲ್ಲಿ ಪೈಗಳಿಗೆ ಪದ್ಮಶ್ರೀ ಬಂತು. 1979ರ ಮೇ 29ರಂದು ಅವರು ತೀರಿಕೊಂಡರು. ಅದರ ಮರುವರ್ಷವೇ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ ತನ್ನ ಕ್ರೆಡಿಟ್ ಕಾರ್ಡ್ ತಂದಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.

ಕಾರ್ಡ್ ಕೆಟ್ಟದ್ದೆಂದು ನಾನು ಹೇಳಲಾರೆ. ನನ್ನ ಅನ್ನ ಅದರಿಂದಲೇ. ಬಿಲ್ ಪೂರ್ತಿ ಕಟ್ಟುವವರಿಗೆ ಅದರಿಂದ ಅನುಕೂಲವೇ. ಆದರೆ ಬಾಕಿ ಉಳಿಸಿಕೊಂಡರೆ ತಿಂಗಳಿಗೆ ಮೂರೂವರೆ ಪರ್ಸೆಂಟಿಗಿಂತ ಹೆಚ್ಚು ಬಡ್ಡಿಯೂ ಬೀಳಬಹುದು. ಎಂಟೆಕ್ ಮುಗಿಸಿ ಮೊದಲ ಕೆಲಸಕ್ಕೆ ಸೇರಿದಾಗ ನಾನು ಮಿನಿಮಮ್ ಡ್ಯೂ ಕಟ್ಟಿದರೆ ಸಾಕೆಂದುಕೊಂಡು ಎಂಟು ತಿಂಗಳು ಬಡ್ಡಿ ತೆತ್ತವನು. ಲೆಕ್ಕ ಓದಿದ ನನ್ನ ಪಾಡೇ ಹಾಗಾದರೆ, ಬಲೆಗೆ ಮೀನು ಬಿದ್ದ ದಿನ ಮಾತ್ರ ದುಡ್ಡು ಕಾಣುವ ಅಕ್ಕನ ಪಾಡೇನು?

ಮುಂದಿನ ಭಾನುವಾರ ಹೋಗಿ ನನಗೆ ತೋಚಿದ್ದನ್ನು ಹೇಳಿದೆ. ಈಗಲೇ ಕಾರ್ಡ್ ಬೇಡ, ಮೊದಲು ತಂಡಲ್ ಮುಗಿಯಲಿ. ಮುಗಿದ ಮರುದಿನವೂ ಅದೇ ನೂರು ರೂಪಾಯಿ ತೆಗೆದಿಡಿ, ಆದರೆ ನಿಮ್ಮ ಖಾತೆಗೆ ಹಾಕಿ. ಒಂದು ವರ್ಷ ಹೀಗೆ ನಡೆದರೆ ಆ ಠೇವಣಿ ಇಟ್ಟೇ ಸಣ್ಣ ಲಿಮಿಟ್ಟಿನ ಕಾರ್ಡ್ ತೆಗೆದುಕೊಳ್ಳಬಹುದು ಎಂದೆ.

ಅಕ್ಕ ನಕ್ಕು, ತಂಡಲಿನವನಾದರೆ ದಿನಾ ಬಂದು ನಿಲ್ಲುತ್ತಾನೆ, ಕೊಟ್ಟುಬಿಡುತ್ತೇನೆ. ಇದನ್ನು ಕೇಳಲು ಯಾರು ಬರುತ್ತಾರೆ ಎಂದರು. ನಮ್ಮ ಆಫೀಸಿನ ಯಾವ ಮೀಟಿಂಗಿನಲ್ಲೂ ಈ ಪ್ರಶ್ನೆ ಬಂದದ್ದು ನನಗೆ ನೆನಪಿಲ್ಲ. ಪೈಗಳು ಅದನ್ನು 1928ರಲ್ಲೇ ಯೋಚಿಸಿದ್ದರು.

ಅಕ್ಕನ ತಂಡಲ್ ಹೋದ ವಾರ ಮುಗಿಯಿತು. ಸದ್ಯಕ್ಕೆ ಭಾನುವಾರ ಬಂಗುಡೆ ತೂಗಿಸುವಾಗ, ಈ ವಾರ ಎಷ್ಟು ದಿನ ಕಟ್ಟಿದಿರಿ ಎಂದು ನಾನೇ ಕೇಳುತ್ತಿದ್ದೇನೆ. ಮೊನ್ನೆ ಐದು ದಿನ ಅಂದರು.