ನಿವೃತ್ತಿಯ ನಂತರದ ಮಾಸ್ತಿ

ನಮ್ಮ ಶಾಲೆಯಿಂದ ಹೊರಬಂದ ಮೊದಲ ತಂಡಗಳವರಲ್ಲಿ ನೌಕರಿ ಹಿಡಿದವರು ಈಗಾಗಲೇ ನಿವೃತ್ತರು. ಇಂಥ ಸಂಚಿಕೆಯಲ್ಲಿ ಮಕ್ಕಳಿಗಾಗಿ ಮಹನೀಯರ ಬಾಲ್ಯವನ್ನು ಬರೆಯುವುದು ವಾಡಿಕೆ. ನಾನು ಆ ಹಿರಿಯ ವಿದ್ಯಾರ್ಥಿಗಳನ್ನು ನೆನೆದು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಜೀವನದ ಉತ್ತರಾರ್ಧವನ್ನು ಆರಿಸಿಕೊಂಡಿದ್ದೇನೆ.

ಪೂರ್ವಾರ್ಧವನ್ನು ಚುಟುಕಾಗಿ ಹೇಳಬಹುದು. 1891ರ ಜೂನ್ 6ರಂದು ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನಲ್ಲಿ ಜನನ. ಮನೆಮಾತು ತಮಿಳು. ಬಡತನದಲ್ಲಿ ಓದಿ, ಮದರಾಸಿನಲ್ಲಿ 1914ರಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ, ಮೈಸೂರು ಸಿವಿಲ್ ಸರ್ವಿಸ್ ಸೇರಿದರು. ಊರೂರು ವರ್ಗವಾಗುತ್ತ ಜಿಲ್ಲಾಧಿಕಾರಿಯಾಗಿ, ಅಬ್ಕಾರಿ ಕಮಿಷನರಾಗಿ ಮೇಲೇರಿದರು. ಇನ್ನೊಂದು ಮೆಟ್ಟಿಲು ಹತ್ತಿದ್ದರೆ ಮಂತ್ರಿಗೆ ಸಮನಾದ ಹುದ್ದೆ ಸಿಗುತ್ತಿತ್ತು. ಅದು ಅವರಿಗಿಂತ ಕಿರಿಯರ ಪಾಲಾಯಿತು. 1944ರ ಸುಮಾರಿಗೆ ಮಾಸ್ತಿ ರಾಜೀನಾಮೆ ಕೊಟ್ಟು ಹೊರಬಂದರು.

ಆಗ ಅವರಿಗೆ 53ರ ಆಸುಪಾಸು. ನೊಂದು ಬಿಟ್ಟ ಕೆಲಸ ಅದು. ಆ ನೋವನ್ನೇ ಜಗಲಿಯ ಮೇಲೆ ಕುಳಿತು ಹತ್ತು ಜನರಿಗೆ ಹೇಳುತ್ತ ಉಳಿದ ಆಯುಷ್ಯ ಕಳೆಯಬಹುದಿತ್ತು. ಹಾಗೆ ಕಳೆದವರನ್ನು ನಾವೆಲ್ಲ ನೋಡಿದ್ದೇವೆ. ಮಾಸ್ತಿಯವರು ಅದೇ ಕಾಲಕ್ಕೆ 'ಜೀವನ' ಮಾಸಪತ್ರಿಕೆಯ ಹೊಣೆ ಹೊತ್ತರು. 1965ರವರೆಗೆ, ಅಂದರೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ, ಅದರ ಸಂಪಾದಕರಾಗಿದ್ದರು. ಸಾಹಿತ್ಯ ಪತ್ರಿಕೆ ನಡೆಸುವುದೆಂದರೆ ಲಾಭದ ಬಾಬತ್ತಲ್ಲ. ತಿಂಗಳು ತಿಂಗಳೂ ಲೇಖನ ತರಿಸಬೇಕು, ಕರಡು ತಿದ್ದಬೇಕು, ಅಚ್ಚಿನ ಮನೆಗೆ ಅಲೆಯಬೇಕು, ಚಂದಾ ಬಾರದಿದ್ದರೆ ಜ್ಞಾಪಿಸಬೇಕು. ಡಫೇದಾರರನ್ನು ಹಿಂದೆ ಮುಂದೆ ಇಟ್ಟುಕೊಂಡಿದ್ದ ಅಧಿಕಾರಿಗೆ ಇದು ಸಣ್ಣ ಬದಲಾವಣೆಯಲ್ಲ.

ಆದರೆ ಇದಾವುದೂ ಒಂದು ಬೆಳಗಿನಲ್ಲಿ ಶುರುವಾದದ್ದಲ್ಲ ಎಂಬುದನ್ನು ಗಮನಿಸಬೇಕು. 'ಶ್ರೀನಿವಾಸ' ಎಂಬ ಕಾವ್ಯನಾಮದಲ್ಲಿ ಅವರ ಮೊದಲ ಕಥಾಸಂಗ್ರಹ ಬಂದದ್ದು 1920ರಲ್ಲಿ. ಕಚೇರಿ, ಕ್ಯಾಂಪು, ಕಂದಾಯದ ಕಾಗದಗಳ ನಡುವೆಯೇ 'ಸುಬ್ಬಣ್ಣ' ಬರೆದರು. 1929ರಲ್ಲಿ ಬೆಳಗಾವಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದಾಗ ಅವರಿನ್ನೂ ಮಧ್ಯವಯಸ್ಸಿನ ಸರಕಾರಿ ನೌಕರ. ಹುದ್ದೆ ಹೋದ ದಿನ ಕೈಯಲ್ಲಿ ಕೆಲಸವಿತ್ತು. ಪಿಂಚಣಿಯ ಲೆಕ್ಕವನ್ನು ಹತ್ತು ವರ್ಷ ಮೊದಲೇ ಹಾಕುವ ನಾವು ಈ ಲೆಕ್ಕವನ್ನು ಮರೆಯುತ್ತೇವೆ.

ಅವರ ದೊಡ್ಡ ಕಾದಂಬರಿಗಳು ಬಂದದ್ದು ಬಿಡುವು ಸಿಕ್ಕ ಮೇಲೆಯೇ. 'ಚೆನ್ನಬಸವನಾಯಕ' ಬಿದನೂರಿನ ಕಥೆ. 1956ರ 'ಚಿಕವೀರರಾಜೇಂದ್ರ' 1834ರಲ್ಲಿ ಇಂಗ್ಲಿಷರಿಗೆ ರಾಜ್ಯ ಕಳೆದುಕೊಂಡ ಕೊಡಗಿನ ಕೊನೆಯ ಅರಸನ ಕಥೆ. ಅರಸ, ಮಂತ್ರಿ, ರೆಸಿಡೆಂಟರ ನಡುವೆ ಆಡಳಿತ ಹೇಗೆ ಕೊಳೆಯುತ್ತದೆಂಬುದನ್ನು ಅಷ್ಟು ನಿಚ್ಚಳವಾಗಿ ಕಾಣಿಸಲು ಆಡಳಿತದ ಒಳಗೆ ಕಳೆದ ವರ್ಷಗಳು ನೆರವಾಗಿರಬೇಕೆಂದು ನನ್ನ ಭಾವನೆ. ಕೃತಿ ಬಂದಾಗ ಲೇಖಕರಿಗೆ 65. ಆಮೇಲೆ 'ಭಾವ' ಎಂಬ ಆತ್ಮಕಥೆಯನ್ನು ಮೂರು ಸಂಪುಟಗಳಲ್ಲಿ ಬರೆದರು.

ಹಾಗೆಂದು ಸದಾ ಲೇಖನಿ ಹಿಡಿದೇ ಕೂತವರಲ್ಲ. ಗವಿಪುರದ ಮನೆಯಿಂದ ಸಂಜೆ ಬಸವನಗುಡಿಯ ಕ್ಲಬ್ಬಿಗೆ ಹೋಗಿ ಗೆಳೆಯರೊಡನೆ ಇಸ್ಪೀಟು ಆಡುವುದು ಅವರಿಗೆ ಪ್ರಿಯವಾಗಿತ್ತು. ಕಿರಿಯ ಬರಹಗಾರರನ್ನು ಬೆನ್ನು ತಟ್ಟುವುದೂ ನಿಂತಿರಲಿಲ್ಲ.

1968ರಲ್ಲಿ ಸಣ್ಣಕಥೆಗಳಿಗಾಗಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. 1983ನೇ ಸಾಲಿನ ಜ್ಞಾನಪೀಠ ಬಂದಾಗ ತೊಂಬತ್ತು ದಾಟಿತ್ತು. 1986ರ ಜೂನ್ 6ರಂದು, ತಮ್ಮ ಹುಟ್ಟಿದ ದಿನವೇ, ಅವರು ತೀರಿಕೊಂಡರು. ನೌಕರಿಗೆ ಸಂದದ್ದು ಸುಮಾರು ಮೂವತ್ತು ವರ್ಷ, ನೌಕರಿ ಬಿಟ್ಟ ಮೇಲೆ ಬಾಳಿದ್ದು ನಲವತ್ತೆರಡು.